ಆರನೆಯ ಬೆರಳಿಗಾಗಿ ಕಾದಿದ್ದು

ನಮ್ಮಮ್ಮನನ್ನು ಈ ಮನೆಗೆ ಸೊಸೆಯಾಗಿ ಆರಿಸಿದ್ದು ಅವಳ ಮುಖ ನೋಡಿ ಅಲ್ಲ, ಅವಳ ಅಪ್ಪನ ಕೈ ನೋಡಿ. ಮುಳಬಾಗಿಲಿನ ಸಂತೆಯಲ್ಲಿ ಬೈರಕೂರು ಕಡೆಯ ರೈತನೊಬ್ಬ ಬದನೆಕಾಯಿ ತೂಗುತ್ತಿದ್ದನಂತೆ. ತಕ್ಕಡಿ ಹಿಡಿದ ಬಲಗೈಯಲ್ಲಿ ಎರಡು ಹೆಬ್ಬೆರಳು. ದೊಡ್ಡದರ ಪಕ್ಕಕ್ಕೆ ಒರಗಿಕೊಂಡು ಇನ್ನೊಂದು ಚಿಕ್ಕದು, ಉಗುರಿನ ಸಮೇತ. ನಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ಚೌಕಾಸಿ ಮರೆತು ಆ ಕೈಯನ್ನೇ ನೋಡುತ್ತ ನಿಂತಳು. ಅವನ ಚಿಕ್ಕ ಮಗನಿಗೂ ಹೀಗೇ ಆರು ಬೆರಳು, ಮದುವೆಯ ವಯಸ್ಸಿನ ಮಗಳೂ ಒಬ್ಬಳಿದ್ದಾಳೆ ಎಂದು ಪಕ್ಕದಲ್ಲಿ ಮಾರುತ್ತಿದ್ದವರು ಹೇಳಿದರು. ನಮ್ಮ ಸೀಮೆಯಲ್ಲಿ ಗಂಡಸಿಗೆ ಆರು ಬೆರಳಿದ್ದರೆ ಅವನು ಕೈಯಿಟ್ಟಲ್ಲೆಲ್ಲ ಏಳಿಗೆ ಎಂದು ನಂಬುತ್ತಾರೆ. ಅಪ್ಪನಿಂದ ಮಗನಿಗೆ ಇಳಿದ ಅದೃಷ್ಟ ಆ ಮನೆಯ ಹುಡುಗಿಯನ್ನು ತಂದುಕೊಂಡರೆ ನಮ್ಮ ಮನೆಗೂ ಇಳಿಯುತ್ತದೆ ಎಂದು ಅಜ್ಜಿ ಲೆಕ್ಕ ಹಾಕಿದಳು. ಆ ಲೆಕ್ಕದಲ್ಲಿ ಹುಡುಗಿ ಬರೀ ದಾರಿ, ದಾರಿಯನ್ನು ಯಾರು ಮುಖವೆತ್ತಿ ನೋಡುತ್ತಾರೆ. ಮುಂದಿನ ಸುಗ್ಗಿಗೆ ಮದುವೆಯಾಯಿತು.

ಅಜ್ಜಿಯ ಲೆಕ್ಕ ಅರ್ಧ ಸರಿಯಾಯಿತು. ಬೆರಳು ಬಂತು, ಮೊಮ್ಮಗ ಬರಲಿಲ್ಲ. ಬಂದವಳು ನಾನು. ಗಂಡಿಗೆ ಅದೃಷ್ಟವಾದ ಆರನೆಯ ಬೆರಳು ಹೆಣ್ಣಿಗೆ ಬಂದರೆ ಅದೇ ಜನಕ್ಕೆ ಅಪಶಕುನ. ಅವಳು ಹೊಕ್ಕ ಮನೆ ಉದ್ಧಾರವಾಗುವುದಿಲ್ಲವಂತೆ. ಒಂದೇ ಬೆರಳು, ಒಂದೇ ಜಾಗ, ಲಂಗ ನೋಡಿ ತೀರ್ಪು ಬದಲಾಗುತ್ತದೆ. ಅದಕ್ಕೇ ಹೆಣ್ಣು ಕೂಸಿಗೆ ನಾಮಕರಣಕ್ಕೆ ಮೊದಲೇ ಸೂಲಗಿತ್ತಿಯನ್ನು ಕರೆಸಿ, ಆ ಪುಟ್ಟ ಬೆರಳಿನ ಬುಡಕ್ಕೆ ರೇಷ್ಮೆ ಎಳೆಯನ್ನು ಬಿಗಿದು ಕಟ್ಟಿಸುತ್ತಿದ್ದರು. ಹತ್ತಿಯ ದಾರ ಸಡಿಲವಾಗುತ್ತದೆ, ರೇಷ್ಮೆ ಕಚ್ಚಿ ಹಿಡಿಯುತ್ತದೆ ಎನ್ನುತ್ತಿದ್ದರು. ಒಳಗೆ ಮೂಳೆಯಿಲ್ಲದೆ ತೊಗಲಿಗೆ ಜೋತುಬಿದ್ದ ಬೆರಳಾದರೆ ಕೆಲವು ದಿನಗಳಲ್ಲಿ ಕಪ್ಪಾಗಿ ಉದುರಿಹೋಗುತ್ತಿತ್ತು. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಎಳೆಗೇನು ಬರ. ನನ್ನ ಬೆರಳೂ ಹಾಗೇ ಉದುರಿತು. ಬಲಗೈ ಹೆಬ್ಬೆರಳಿನ ಬುಡದಲ್ಲಿ ತೊಗರಿಕಾಳಿನಷ್ಟು ಗಂಟೊಂದು ಉಳಿಯಿತು.

ಇದಿಷ್ಟನ್ನೂ ನಾನು ದೊಡ್ಡವಳಾದ ಮೇಲೆ ಚೂರುಚೂರಾಗಿ ಕೇಳಿ ಜೋಡಿಸಿಕೊಂಡದ್ದು. ಅಮ್ಮ ಎರಡನೆಯ ಹೆರಿಗೆಗೆಂದು ತವರಿಗೆ ಹೋದವಳು ಅಲ್ಲೇ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ನನಗಿನ್ನೂ ಎರಡು ತುಂಬಿರಲಿಲ್ಲ. ನನಗೆ ಅವಳ ನೆನಪು ಒಂದು ಚೂರೂ ಇಲ್ಲ. ಫೋಟೋ ಇಲ್ಲ. ಅವಳ ಸೀರೆಗಳನ್ನು ಯಾರಿಗೆ ಕೊಟ್ಟರೋ ಗೊತ್ತಿಲ್ಲ. ಅಪ್ಪ ಮತ್ತೆ ಮದುವೆಯಾಗಲಿಲ್ಲ, ಯಾಕಾಗಲಿಲ್ಲವೆಂದು ಹೇಳಲೂ ಇಲ್ಲ. ನಾನು ಅಮ್ಮನ ಮಾತೆತ್ತಿದರೆ ಸೊಪ್ಪು ಕುಯ್ಯಬೇಕು ಎಂದು ಹಿಪ್ಪುನೇರಳೆ ತೋಟಕ್ಕೆ ಎದ್ದು ಹೋಗುತ್ತಿದ್ದ. ನಮ್ಮ ಹೋಳೂರಿನ ಮನೆಯಲ್ಲಿ ಹುಳುಗಳಿಗೆ ಅಷ್ಟೊಂದು ಹಸಿವಾಗುತ್ತಿದ್ದುದು ನಾನು ಅಮ್ಮನನ್ನು ಕೇಳಿದಾಗ ಮಾತ್ರ.

ಉಳಿದವಳು ಅಜ್ಜಿ. ನನ್ನನ್ನು ಸಾಕಿದವಳು ಅವಳೇ. ಮುದ್ದೆ ಮುರಿದು ಬಾಯಿಗಿಟ್ಟವಳು, ಜ್ವರ ಬಂದರೆ ರಾತ್ರಿಯಿಡೀ ಕೂತವಳು, ಹುಡುಗಿ ಓದಿದರೆ ಕೆಡುತ್ತಾಳೆ ಎಂದ ನೆಂಟರ ಬಾಯಿ ಮುಚ್ಚಿಸಿದವಳು. ಅವಳ ಮೇಲೆ ನನಗೆ ಪ್ರಾಣ. ಆದರೆ ಅಮ್ಮ ಹೇಗಿದ್ದಳು ಎಂದು ಕೇಳಿದರೆ ಮಾತ್ರ ಅವಳಿಂದ ಹಿಡಿಯಷ್ಟೂ ಹೊರಡುತ್ತಿರಲಿಲ್ಲ.

“ಚೆನ್ನಾಗಿದ್ಳು” ಅನ್ನುತ್ತಿದ್ದಳು.

“ಬೆಳ್ಳಗಿದ್ಳಾ ಅಜ್ಜಿ?”

“ಹೂಂ.”

“ಕಪ್ಪಗಿದ್ಳಾ?”

“ಹೂಂ, ಹಂಗೇ.”

“ಯಾವ್ದಾದ್ರೂ ಒಂದು ಹೇಳು.”

“ಏನ್ ಹೇಳ್ಳಿ ಕಣೇ. ಹೆಬ್ಬೆಟ್ಟಿನ ಹತ್ರ ಒಂದು ನರುಲಿ ಇತ್ತು. ಹೋಗು, ಹಟ್ಟಿ ಗುಡಿಸು.”

ಹೀಗೆ ಅಮ್ಮನ ದೇಹದಲ್ಲಿ ನನ್ನ ಪಾಲಿಗೆ ಸಿಕ್ಕಿದ್ದು ಒಂದು ನರುಲಿ ಮಾತ್ರ. ಬೇರೆ ಮಕ್ಕಳಿಗೆ ಅಮ್ಮನ ಕಣ್ಣು, ಅಮ್ಮನ ಜಡೆ, ಅಮ್ಮನ ದನಿ ಇದ್ದರೆ ನನಗೆ ನರುಲಿ. ಅದನ್ನೇ ಇಟ್ಟುಕೊಂಡು ಎಷ್ಟೋ ವರ್ಷ ಅವಳನ್ನು ಕಲ್ಪಿಸಿಕೊಳ್ಳಲು ನೋಡಿದೆ. ನರುಲಿಯ ಸುತ್ತ ಒಂದು ಕೈ ಬರೆಯುತ್ತಿದ್ದೆ, ಕೈಗೆ ಬಳೆ ತೊಡಿಸುತ್ತಿದ್ದೆ, ಭುಜದ ತನಕ ಹೋಗಿ ನಿಂತುಬಿಡುತ್ತಿದ್ದೆ. ಮುಖ ಬರುತ್ತಲೇ ಇರಲಿಲ್ಲ.

ಎಪ್ಪತ್ತರ ದಶಕದ ನಡುವೆ ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದೆ. ಮಾಲೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದೆ. ಒಂದು ಸಂಜೆ ರೈಲಿನಲ್ಲಿ ಭ್ರೂಣಶಾಸ್ತ್ರದ ಪುಸ್ತಕ ತೆರೆದು ಕೂತಿದ್ದೆ. ಅದರಲ್ಲಿ ಕೋಳಿಮರಿಯ ರೆಕ್ಕೆಯ ಚಿತ್ರವಿತ್ತು. ಮೊಟ್ಟೆಯೊಳಗೆ ರೆಕ್ಕೆ ಮೊದಲು ಒಂದು ಸಣ್ಣ ಮೊಗ್ಗಾಗಿರುತ್ತದೆ. ಆ ಮೊಗ್ಗಿನ ಹಿಂದಿನ ಅಂಚಿನಿಂದ, ನಮ್ಮ ಕೈಯಲ್ಲಾದರೆ ಕಿರುಬೆರಳಿನ ಕಡೆಯಿಂದ, ಯಾವ ಬೆರಳು ಎಲ್ಲಿ ಎಂಬ ಸೂಚನೆ ಹೊರಡುತ್ತದೆ. ಆ ಅಂಚಿನ ಒಂದು ಚೂರನ್ನು ತೆಗೆದು ಎದುರಿನ ಅಂಚಿಗೆ, ಅಂದರೆ ಹೆಬ್ಬೆರಳಿನ ಕಡೆಗೆ, ಕಸಿ ಮಾಡಿದರೆ ಅಲ್ಲೂ ಬೆರಳುಗಳು ಹುಟ್ಟುತ್ತವೆ. ಬೆರಳು ಮಾಡುವ ಶಕ್ತಿ ಎರಡೂ ಕಡೆ ಇದ್ದೇ ಇದೆ, ಏಳು ಎಂದು ಎಬ್ಬಿಸುವವರು ಒಂದು ಕಡೆ ಮಾತ್ರ ಇದ್ದಾರೆ.

ಓದುತ್ತ ನನ್ನ ಹೆಬ್ಬೆರಳು ಪುಟದ ಮೇಲೇ ಇತ್ತು, ಗಂಟಿನ ಸಮೇತ. ಇಂಥದು ಹೆತ್ತವರಿಂದ ಮಕ್ಕಳಿಗೆ ಬರುತ್ತದೆ, ಬರಲು ಗಂಡೇ ಆಗಬೇಕೆಂದಿಲ್ಲ ಎಂದು ಅದೇ ಪಾಠದಲ್ಲಿ ಮುಂದೆ ಬರೆದಿತ್ತು. ತಾತನಿಗಿತ್ತು, ಮಾವನಿಗಿತ್ತು, ನನಗಿತ್ತು. ನಡುವೆ ಇದ್ದವಳು ಅಮ್ಮ. ಅವಳಿಗೂ ಇದ್ದಿರಬೇಕು. ಅವಳೂ ಹೆಣ್ಣು ಕೂಸಾಗಿ ಹುಟ್ಟಿದವಳು, ಅವಳಿಗೂ ಎಳೆ ಕಟ್ಟಿರಬೇಕು. ಹಾಗಾದರೆ ಅಜ್ಜಿ ನೋಡಿದ್ದು ನರುಲಿಯಲ್ಲ. ನನ್ನ ಕೈಯಲ್ಲಿರುವುದು ಅದೇ. ನಾನು ಹೆಬ್ಬೆರಳನ್ನು ತುಟಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿ ಕೂತೆ. ಮಾಲೂರು ಯಾವಾಗ ಬಂತೋ ಯಾವಾಗ ಹೋಯಿತೋ ತಿಳಿಯಲಿಲ್ಲ. ಟೇಕಲ್ ಸ್ಟೇಷನ್ನಿನಲ್ಲಿ ಇಳಿದು ಎದುರಿನ ರೈಲಿಗೆ ಕಾದೆ. ನಿದ್ದೆ ಬಂದುಬಿಟ್ಟಿತ್ತು ಎಂದು ಸೋದರತ್ತೆಗೆ ಹೇಳಿದೆ.

ಆಮೇಲೆ ಕೋಲಾರದ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯಾದೆ. ಮೊಟ್ಟೆಯೊಳಗೆ ಮರಿ ಬೆಳೆಯುವುದನ್ನು ಹುಡುಗಿಯರಿಗೆ ತೋರಿಸಲು ಕಾವು ಕೊಟ್ಟ ಮೊಟ್ಟೆಗಳು ಬೇಕಾಗುತ್ತಿದ್ದವು. ಪೇಟೆಯ ಮೊಟ್ಟೆಗಳಲ್ಲಿ ಜೀವವಿರುವುದಿಲ್ಲ. ಹೋಳೂರಿಗೆ ಹೋಗಿ ಅಜ್ಜಿಯ ಕಾವು ಕೋಳಿಯ ಕೆಳಗಿಂದಲೇ ತೆಗೆದೆ.

“ಕಾವಿಗೆ ಕೂತಿರೋ ಮೊಟ್ಟೆ ತಗೊಂಡೋಗಿ ಏನ್ ಮಾಡ್ತೀಯೇ?” ಅಂದಳು ಅಜ್ಜಿ.

“ಒಡೆದು ತೋರಿಸ್ತೀನಿ. ಒಳಗೆ ಹೆಂಗ್ ಆಗ್ತದೆ ಅಂತ.”

“ಅದಕ್ಕೆ ಸರ್ಕಾರ ಸಂಬಳ ಕೊಡ್ತದಾ?”

“ಕೊಡ್ತದೆ.”

“ಓದ್ಸಿ ಓದ್ಸಿ ಬೆಕ್ಕಿನ ಕೆಲಸಕ್ಕೆ ಸೇರಿಸ್ದಂಗಾಯ್ತು” ಎಂದು ಗೊಣಗಿದಳು. ಆದರೆ ಕುತೂಹಲ ತಡೆಯಲಿಲ್ಲ. “ನಂಗೂ ಒಂದು ತೋರ್ಸು ಮತ್ತೆ.”

ಹಟ್ಟಿಯಲ್ಲಿ ಬಿಸಿಲಿಗೆ ಕೂತು ಒಂದನ್ನು ತಟ್ಟೆಗೆ ಒಡೆದೆ. ಹಳದಿಯ ಮೇಲೆ ಕೆಂಪು ನರಗಳ ಬಲೆ, ನಡುವೆ ಚುಕ್ಕಿಯಷ್ಟು ಗುಂಡಿಗೆ ಹೊಡೆದುಕೊಳ್ಳುತ್ತಿತ್ತು. ಅಜ್ಜಿ ಸೆರಗನ್ನು ಬಾಯಿಗಿಟ್ಟುಕೊಂಡು ಬಗ್ಗಿದಳು. ಭೂತಕನ್ನಡಿ ಕೊಟ್ಟು, ಇಲ್ಲಿ ನೋಡು, ಈ ಉಬ್ಬಿದೆಯಲ್ಲ, ಇದು ಮುಂದೆ ರೆಕ್ಕೆಯಾಗುತ್ತದೆ, ಇದು ಕಾಲು ಎಂದು ತೋರಿಸಿದೆ.

“ಬೆರಳು ಎಷ್ಟು ಅಂತ ಇಷ್ಟರಲ್ಲೇ ಗೊತ್ತಾಗೋಗ್ತದಾ?”

“ಇನ್ನ ಸ್ವಲ್ಪ ದಿನಕ್ಕೆ ನಿಶ್ಚಯ ಆಗೋಗ್ತದೆ. ನಂದೂ ಹಂಗೇ ಆಗಿದ್ದು. ಅಮ್ಮನ ಕಡೆಯಿಂದ ಬಂದಿದ್ದು.”

“ನಿಮ್ಮಮ್ಮಂಗೆ ಎಲ್ಲಿತ್ತೇ?”

“ಇತ್ತು. ಕಟ್ಟಿ ಉದುರ್ಸಿದ್ರು. ನೀನು ನರುಲಿ ಅಂದ್ಕೊಂಡೆ.”

ಅಜ್ಜಿ ಭೂತಕನ್ನಡಿಯನ್ನು ಕೆಳಗಿಟ್ಟಳು. ನನ್ನ ಬಲಗೈಯನ್ನು ಎಳೆದುಕೊಂಡು ಆ ಗಂಟನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ತಟ್ಟೆಯಲ್ಲಿ ಗುಂಡಿಗೆ ನಿಧಾನವಾಗುತ್ತಿತ್ತು. “ಅವಳ ಕೈ ಯಾವಾಗ್ಲೂ ಬಿಸಿ ಇರ್ತಿತ್ತು” ಅಂದಳು. “ಚಳಿಗಾಲದಾಗೂನೂವೆ. ಗೂಡು ಬಿಡಿಸೋವಾಗ ನಂ ಕೈಯೆಲ್ಲ ಮರಗಟ್ಟೋಗೋದು, ಅವಳದು ಬಿಸಿ.” ಅಷ್ಟೇ. ಎದ್ದು ಕಾವು ಕೋಳಿಯ ಬುಟ್ಟಿ ಸರಿಮಾಡಲು ಹೋದಳು. ನಾನು ಮಾತ್ರ ಆ ಬಿಸಿಯನ್ನು ಕೋಲಾರದ ಬಸ್ಸಿನಲ್ಲಿ ಮೊಟ್ಟೆಯ ಪುಟ್ಟಿಯ ಜೊತೆಗೇ ಮಡಿಲಲ್ಲಿಟ್ಟುಕೊಂಡು ಹೋದೆ.

ಎಂಬತ್ತರ ದಶಕದಲ್ಲಿ ಪಾಠದ ಪುಸ್ತಕಗಳಿಗೆ ಹೊಸ ಅಧ್ಯಾಯಗಳು ಸೇರಿದವು. ಜೀನ್‌ನ ಬಾಗಿಲಲ್ಲೇ ಅದನ್ನು ಶುರುಮಾಡಿಸುವ ಒಂದು ಜಾಗವಿದೆ, ಹೆಸರು ಪ್ರೊಮೋಟರ್. ಅಲ್ಲಿ ಟಿ ಎ ಟಿ ಎ ಎಂಬ ಡಿ.ಎನ್.ಎ. ಅಕ್ಷರಗಳು ಈಸ್ಟಿನಿಂದ ಹಿಡಿದು ಮನುಷ್ಯನ ತನಕ ಎಷ್ಟೋ ಜೀನ್‌ಗಳ ಮುಂದೆ ಬದಲಾಗದೆ ಉಳಿದಿವೆ ಎಂದು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗಿಯರು ಒಬ್ಬರಿಗೊಬ್ಬರು ಟಾಟಾ ಮಾಡಿದರು. ನಾನು ಬೈಯಲಿಲ್ಲ. ಅವರಿಗೆ ಅರ್ಥವಾಗಲೆಂದು ಕೆರೆಯ ಉದಾಹರಣೆ ಕೊಡುತ್ತಿದ್ದೆ. ನೀರು ಎಲ್ಲ ಊರಿನ ಕೆರೆಯಲ್ಲೂ ನೀರೇ. ಯಾವ ಗದ್ದೆ ಹಸಿರಾಗಬೇಕು ಎಂಬುದು ತೂಬಿನ ಮಾತು. ತೂಬಿನ ಬಾಯಿ ಪ್ರೊಮೋಟರ್. ಅದನ್ನು ಎತ್ತುವ ನೀರುಗಂಟಿ ದೂರದಲ್ಲಿರಬಹುದು, ಆದರೆ ಯಾವ ಕಾಲುವೆಗೆ, ಯಾವಾಗ, ಎಷ್ಟು ಹೊತ್ತು ಎಂದು ಅವನಿಗೆ ಗೊತ್ತಿರುತ್ತದೆ. ಕೆರೆಗಳ ಊರಿನ ಹುಡುಗಿಯರಿಗೆ ಇದು ಬೇಗ ತಲೆಗೆ ಹೋಗುತ್ತಿತ್ತು.

ಕೈಬೆರಳಿನ ವಿಷಯದಲ್ಲಿ ಆ ನೀರುಗಂಟಿ ಯಾರೆಂದು ಗೊತ್ತಾದದ್ದು ತೀರ ಈಚೆಗೆ, ನಾನು ನಿವೃತ್ತಳಾಗುವ ಹೊತ್ತಿಗೆ. ಬೆರಳುಗಳನ್ನು ಹಂಚುವ ಜೀನ್‌ನಿಂದ ಬಲು ದೂರದಲ್ಲಿ ಡಿ.ಎನ್.ಎ.ಯ ಒಂದು ತುಣುಕಿದೆ. ಜೀನ್ ಕಿರುಬೆರಳಿನ ಅಂಚಿನಲ್ಲಿ ಮಾತ್ರ ಎಚ್ಚರವಾಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ಮೀನಿನಲ್ಲಿ, ಕೋಳಿಯಲ್ಲಿ, ಇಲಿಯಲ್ಲಿ, ನಮ್ಮಲ್ಲಿ ಆ ತುಣುಕು ಹೆಚ್ಚುಕಡಿಮೆ ಒಂದೇ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸಾಕು, ಹೆಬ್ಬೆರಳಿನ ಕಡೆಗೂ ಒಂದಿಷ್ಟು ನೀರು ಹರಿದುಬಿಡುತ್ತದೆ, ಬಿತ್ತದ ಕಡೆ ಒಂದು ಪೈರು ಏಳುತ್ತದೆ. ನಮ್ಮ ಮನೆಯದೂ ಅದೇ ಎಂದು ಯಾರೂ ಪರೀಕ್ಷೆ ಮಾಡಿಲ್ಲ, ಇರಬಹುದು ಎನ್ನುತ್ತೇನೆ ಅಷ್ಟೇ. ಆದರೆ ಅದನ್ನು ಓದಿದ ದಿನ ನನಗೆ ಸಂತೋಷಕ್ಕಿಂತ ಸಿಟ್ಟು ಬಂತು. ಮೀನಿನ ಕಾಲದಿಂದ ಒಂದು ತುಣುಕನ್ನು ಅಕ್ಷರ ತಪ್ಪದ ಹಾಗೆ ಕಾಪಾಡಿಕೊಂಡು ಬಂದ ಮೈಗಳು ನಮ್ಮವು, ನಮ್ಮ ಮನೆಯವರಿಗೆ ಒಬ್ಬ ಹೆಂಗಸಿನ ಮುಖವನ್ನು ಅವಳ ಮಗಳು ಬೆಳೆಯುವ ತನಕ ನೆನಪಿಟ್ಟುಕೊಳ್ಳಲು ಆಗಲಿಲ್ಲ.

ಮದುವೆಯಾದದ್ದು ಕಾಲೇಜಿಗೆ ಸೇರಿದ ಕೆಲವು ವರ್ಷಗಳಿಗೆ, ಶ್ರೀನಿವಾಸಪುರಕ್ಕೆ. ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಮನೆಯವರಿಗೆ ಒಂದಿಷ್ಟು ಮಾವಿನ ತೋಟ. ಬಸುರಿಯಾದೆನೆಂದು ತಿಳಿದ ವಾರವೇ ಅತ್ತೆ ಕುರುಡುಮಲೆ ಗಣಪತಿಗೆ ಹರಕೆ ಹೊತ್ತರು. ನನ್ನ ತವರಿನ ಬೆರಳಿನ ಕಥೆ ಅವರಿಗೆ ಗೊತ್ತಿತ್ತು. ಹರಕೆಯ ಮಾತೂ ಅದಕ್ಕೆ ತಕ್ಕಂತೆಯೇ ಇತ್ತು: ಗಂಡಾದರೆ ಆರು ಕೊಡಪ್ಪ, ಹೆಣ್ಣಾದರೆ ಐದೇ ಕೊಡು. ಅಷ್ಟು ದೊಡ್ಡ ಗಣಪತಿಯೂ ಇಂಥ ಇಕ್ಕಟ್ಟಿಗೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಅತ್ತೆ ಕೆಟ್ಟವರಲ್ಲ. ಮುಂದೆ ಆ ಹುಡುಗಿಯ ಮದುವೆ ಮಾಡಬೇಕಲ್ಲಮ್ಮ ಎನ್ನುತ್ತಿದ್ದರು, ಅದು ಅವರ ನಿಜವಾದ ಚಿಂತೆ.

ನನಗೆ ಬೇಕಾಗಿದ್ದು ಒಂದೇ, ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಂಡೋ ಹೆಣ್ಣೋ, ಆ ಬೆರಳು ಬರಲಿ. ಯಾರೂ ಕಟ್ಟದ, ಉದುರಿಸದ, ಇಡೀ ಬೆರಳು. ಅಮ್ಮನಲ್ಲಿದ್ದದ್ದೇ ನನ್ನ ಮಗುವಿನ ಕೈಯಲ್ಲಿ ಆಡಲಿ. ಅದನ್ನು ನಾನು ಹಿಡಿದುಕೊಂಡರೆ ಅಮ್ಮನನ್ನು ಹಿಡಿದುಕೊಂಡ ಹಾಗೆ. ಇದು ಜೀವಶಾಸ್ತ್ರವಲ್ಲ, ನನಗೆ ಗೊತ್ತಿತ್ತು. ಬರುವುದು ಬಿಡುವುದು ನಾಣ್ಯ ಚಿಮ್ಮಿದ ಹಾಗೆ, ಕೆಲವೊಮ್ಮೆ ಜೀನ್ ಇಳಿದು ಬಂದರೂ ಬೆರಳು ಕಾಣಿಸಿಕೊಳ್ಳುವುದಿಲ್ಲ ಎಂದು ತರಗತಿಯಲ್ಲಿ ನಾನೇ ಪಾಠ ಮಾಡುತ್ತಿದ್ದೆ. ಮನೆಗೆ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು, ಬಾರೇ ಎನ್ನುತ್ತಿದ್ದೆ.

ಐದು ತಿಂಗಳಾದಾಗ, ಅಮ್ಮನ ತವರು ನೋಡಬೇಕು ಎಂದು ಗಂಡನಿಗೆ ಹೇಳಿದೆ. ಅವಳು ಹೋದ ಮೇಲೆ ಎರಡೂ ಮನೆಗೆ ಹೋಗಿಬರುವುದು ನಿಂತಿತ್ತು. ತಾತ ತೀರಿಕೊಂಡಿದ್ದರು, ಇದ್ದವರು ಸೋದರಮಾವ ಒಬ್ಬರೇ. ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ, ಬೈರಕೂರು ದಾಟಿ, ಒಂದು ಹುಣಸೆ ಮರದ ಹತ್ತಿರ ಇಳಿದೆವು. ಮನೆಯ ಮುಂದೆ ಒಬ್ಬರು ಟೊಮೇಟೊ ಆರಿಸುತ್ತ ಕೂತಿದ್ದರು. ಮುಖ ನೋಡುವ ಮೊದಲು ನಾನು ಕೈ ನೋಡಿದೆ. ಅಜ್ಜಿಯ ಮೊಮ್ಮಗಳೇ ಸರಿ.

ಯಾರ ಮಗಳೆಂದು ಹೇಳಿದೊಡನೆ ಮಾವ ಎದ್ದು ನಿಂತರು. “ಅಕ್ಕ ಕೂತುರಾ” ಎಂದರು ತೆಲುಗಿನಲ್ಲಿ, ಅಕ್ಕನ ಮಗಳೇ ಎಂದು. ಆಮೇಲೆ ಕನ್ನಡಕ್ಕೆ ಬಂದರು. ಗಂಡನಿಗೆ ಕುರ್ಚಿ ತಂದುಕೊಟ್ಟರು, ನನ್ನನ್ನು ಜಗಲಿಯ ಮೇಲೆ ತಮ್ಮ ಪಕ್ಕ ಕೂರಿಸಿಕೊಂಡರು. ಸಂಬಂಧ ಕಡಿದುಹೋಗದಿದ್ದರೆ ನಮ್ಮ ಕಡೆಯ ವಾಡಿಕೆಯಂತೆ ನನ್ನನ್ನು ಈ ಮಾವನಿಗೇ ಕೊಟ್ಟುಬಿಡುತ್ತಿದ್ದರೇನೋ. ಆಗ ಎರಡೂ ಕಡೆಯಿಂದ ತೂಬು ತೆರೆದು, ಮಕ್ಕಳಿಗೆ ಎಷ್ಟು ಬೆರಳು ಬರುತ್ತಿದ್ದವೋ ದೇವರೇ ಬಲ್ಲ. ಆ ಯೋಚನೆ ಬಂದು ಅಂಥ ಹೊತ್ತಿನಲ್ಲೂ ನಗು ಬಂತು.

“ಮಾವಾ, ನಿಮ್ಮ ಕೈ ಒಂದ್ಸಲ ಹಿಡ್ಕೊಳ್ಲಾ?” ಎಂದು ಕೇಳಿದೆ.

ಅವರು ಕೈಯನ್ನು ಪಂಚೆಗೆ ಒರೆಸಿ ಕೊಟ್ಟರು. ಟೊಮೇಟೊ ಗಿಡದ ಹಸಿರು ವಾಸನೆ ಬರುತ್ತಿತ್ತು. ಆ ಚಿಕ್ಕ ಬೆರಳಿಗೆ ಉಗುರಿತ್ತು, ಗೆರೆಗಳಿದ್ದವು, ನಾನು ಮುಟ್ಟಿದಾಗ ಅಲ್ಪಸ್ವಲ್ಪ ಅಲುಗಿತು. ನನ್ನದು ಉಳಿದಿದ್ದರೆ ಹೀಗಿರುತ್ತಿತ್ತು, ಅಮ್ಮನದೂ. ಅಮ್ಮ ಹೇಗಿದ್ದಳು ಎಂದು ಕೇಳಿದೆ.

“ಹೇಗಿದ್ಳು ಅಂದ್ರೆ ಏನ್ ಹೇಳ್ಲಮ್ಮ. ನಾನು ಸಣ್ಣೋನು ಆವಾಗ. ನೀನು ಹುಟ್ಟಿದ್ದು ಇಲ್ಲೇ, ಈ ಮನೇಲೇ. ನಾಮಕರಣಕ್ಕೆ ಮುಂಚೆ ನಿಮ್ಮಜ್ಜಿ ಬಂದು ಸೂಲಗಿತ್ತಿ ಕೈಲಿ ನಿನ್ನ ಬೆರಳಿಗೆ ರೇಷ್ಮೆ ಎಳೆ ಕಟ್ಟಿಸಿದ್ರು. ಅವರು ಆಕಡೆ ಹೋಗ್ತಿದ್ದಂಗೇ ಅಕ್ಕ ಬಿಚ್ಚಿಬಿಟ್ಳು. ಮತ್ತೆ ಕಟ್ಟಿದ್ರು. ಮತ್ತೆ ಬಿಚ್ಚಿದ್ಳು. ಕಟ್ಟಿದಾಗೆಲ್ಲ ಬಿಚ್ಚೋಳು. ಗಂಟು ಬಿಗಿಯಾಗಿದ್ರೆ ಹಲ್ಲಲ್ಲಿ ಕಡಿಯೋಳು.”

“ಯಾಕೆ ಮಾವಾ?”

“ಕೇಳ್ದೆ ನಾನೂನು. ಇದು ನನ್ನಿಂದ ಬಂದಿದ್ದು ಕಣೋ, ಇರ್ಲಿ ಬಿಡು ಅಂದ್ಳು.”

ಬಾಣಂತನ ಮುಗಿದು ಅಮ್ಮ ಹೋಳೂರಿಗೆ ಬಂದಾಗ ಬೆರಳು ಇನ್ನೂ ಇತ್ತಂತೆ. ಒಂದು ದಿನ ಅಜ್ಜಿ ನನ್ನನ್ನು ತನ್ನ ಹತ್ತಿರ ಇಟ್ಟುಕೊಂಡು, ಅಮ್ಮನನ್ನು ಯಾವುದೋ ನೆಪಕ್ಕೆ ಕೆಲವು ದಿನ ತವರಿಗೆ ಕಳಿಸಿದಳು. ಅವಳು ಹಿಂದಿರುಗುವ ಹೊತ್ತಿಗೆ ಕೆಲಸ ಮುಗಿದಿತ್ತು. ಆಮೇಲೆ ಅತ್ತೆ ಸೊಸೆ ಬಹಳ ಕಾಲ ಮಾತಾಡಲಿಲ್ಲ. ಮಾತು ಶುರುವಾಯಿತೋ ಇಲ್ಲವೋ, ಅಷ್ಟರಲ್ಲಿ ಎರಡನೆಯ ಬಸುರು, ಮತ್ತೆ ಈ ಊರು, ಅಲ್ಲಿಗೆ ಮುಗಿಯಿತು. ಮಾವ ಇದನ್ನೆಲ್ಲ ಟೊಮೇಟೊ ಬುಟ್ಟಿಯನ್ನು ನೋಡುತ್ತ ಹೇಳಿದರು. ಅಜ್ಜಿಯನ್ನು ಕೇಳೋಣವೆಂದರೆ ಅವಳು ಹಿಂದಿನ ವರ್ಷವೇ ತೀರಿಕೊಂಡಿದ್ದಳು. ನನ್ನನ್ನು ಎದೆಗೊತ್ತಿಕೊಂಡು ಸಾಕಿದ ಕೈಗಳ ಮೇಲೆ ಸಿಟ್ಟಾಗುವುದು ಹೇಗೆ, ಆಗದೆ ಇರುವುದು ಹೇಗೆ. ಇವತ್ತಿಗೂ ನನಗೆ ಎರಡೂ ಸರಿಯಾಗಿ ಬರುವುದಿಲ್ಲ.

ಹೊರಡುವಾಗ ಮಾವ ನನ್ನ ಹೊಟ್ಟೆಯ ಕಡೆ ನೋಡಿ, “ನನ್ನ ಇಬ್ರು ಗಂಡುಮಕ್ಕಳಿಗೂ ಐದೇ ಕಣಮ್ಮ” ಅಂದರು. “ಬರೋದಾದ್ರೆ ಇನ್ನ ನಿನ್ನ ಹೊಟ್ಟೇಲೇ ಬರ್ಬೇಕು. ಹೆಣ್ಣಾದ್ರೂ ಕಟ್ಟಿಸ್ಬೇಡ.”

“ಕಟ್ಟಿಸಲ್ಲ ಮಾವಾ.”

ಅವತ್ತಿನಿಂದ ಹೆರಿಗೆಯ ತನಕ ನಾನು ಮನಸ್ಸಿನಲ್ಲೇ ಜಗಳಗಳನ್ನು ಅಭ್ಯಾಸ ಮಾಡಿದೆ. ಅತ್ತೆಗೆ ಏನು ಹೇಳಬೇಕು, ಗಂಡನಿಗೆ ಏನು ಹೇಳಬೇಕು, ಸೂಲಗಿತ್ತಿ ಬಂದರೆ ಬಾಗಿಲಲ್ಲೇ ಹೇಗೆ ನಿಲ್ಲಿಸಬೇಕು. ನಾನು ಎಲ್ಲಕ್ಕೂ ಸಿದ್ಧಳಾಗಿದ್ದೆ. ಒಂದಕ್ಕೆ ಮಾತ್ರ ಸಿದ್ಧಳಾಗಿರಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ನರ್ಸು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿ ಮಲಗಿಸಿದ ತಕ್ಷಣ ಬಟ್ಟೆ ಸರಿಸಿ ಬಲಗೈ ಎಳೆದುಕೊಂಡೆ. ಮುಷ್ಟಿ ಬಿಗಿಯಾಗಿತ್ತು. ಒಂದೊಂದೇ ಬೆರಳನ್ನು ಬಿಡಿಸಿದೆ. ಐದು. ಹೆಬ್ಬೆರಳಿನ ಬುಡವನ್ನು ಸವರಿ ನೋಡಿದೆ, ನುಣ್ಣಗಿತ್ತು. ಎಡಗೈಯೇ ಇರಬಹುದೆಂದು ಅದನ್ನೂ ನೋಡಿದೆ. ಕಾಲುಗಳನ್ನೂ ನೋಡಿದೆ. ಎಲ್ಲ ಐದೈದು, ಪುಸ್ತಕದ ಚಿತ್ರದಲ್ಲಿರುವಷ್ಟು ಸರಿಯಾಗಿದ್ದವು. ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಎರಡೂ ಕೈಯೆತ್ತಿ ಮುಗಿದರು. ಗಂಡನ ಮುಖ ಹಗುರವಾಯಿತು. ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ. ಹೆರಿಗೆ ನೋವು ಇನ್ನೂ ಇರುತ್ತದೆ, ಅಳಲಿ ಬಿಡಿ ಎಂದು ನರ್ಸು ಹೇಳಿದಳು.

ಮಗಳನ್ನು ನಾನು ಪ್ರೀತಿಸಲಿಲ್ಲ ಎಂದಲ್ಲ. ಹಾಲು ಕುಡಿಸುವಾಗ ಅವಳ ತಲೆಯ ವಾಸನೆಗೆ ನನ್ನ ಇಡೀ ಮೈ ಕರಗುತ್ತಿತ್ತು. ಆದರೆ ಅವಳು ನಿದ್ದೆ ಹೋದಾಗ ಹೆಬ್ಬೆರಳಿನ ಬುಡವನ್ನು ಮತ್ತೆ ಮತ್ತೆ ಸವರುತ್ತಿದ್ದೆ, ಎಲ್ಲೋ ಅಕ್ಕಿಕಾಳಿನಷ್ಟಾದರೂ ಸಿಗಬಹುದೇ ಎಂದು. ಬಂದವರೆಲ್ಲ ಸದ್ಯ, ದೇವರು ದೊಡ್ಡವನು ಎನ್ನುತ್ತಿದ್ದರು. ನಾನೂ ಹೌದು ಎನ್ನುತ್ತಿದ್ದೆ.

ಹರಕೆ ತೀರಿಸಬೇಕಿತ್ತಲ್ಲ. ಮಗುವಿಗೆ ಕತ್ತು ನಿಂತ ಮೇಲೆ ಕುರುಡುಮಲೆಗೆ ಹೋದೆವು. ಆ ದೊಡ್ಡ ಕಪ್ಪು ಮೂರ್ತಿಯ ಮುಂದೆ ಅತ್ತೆ ಕಣ್ಣು ಮುಚ್ಚಿ ನಿಂತರು, ಮಗುವನ್ನು ಎತ್ತಿ ಹಿಡಿ ಎಂದರು. ಎತ್ತಿ ಹಿಡಿದೆ. ನನ್ನ ಎದೆ ಒಡೆದದ್ದಕ್ಕೆ ನಾನೇ ಹೂವು, ತೆಂಗಿನಕಾಯಿ ಕೊಟ್ಟು ಕೈಮುಗಿಯಬೇಕಾಗಿ ಬಂತು. ಗಣಪತಿಯ ಮೇಲೇನೂ ಕೋಪವಿರಲಿಲ್ಲ. ಅತ್ತೆ ಬಾಯಿಬಿಟ್ಟು ಕೇಳಿದ್ದರು, ನಾನು ಕೇಳಿರಲಿಲ್ಲ.

ಅತ್ತೆಯನ್ನು ಮುಳಬಾಗಿಲಿನಲ್ಲಿ ಶ್ರೀನಿವಾಸಪುರದ ಬಸ್ಸು ಹತ್ತಿಸಿ, ನಾವಿಬ್ಬರೂ ಮಗುವನ್ನು ಕರೆದುಕೊಂಡು ಮಾವನ ಊರಿಗೆ ಹೋದೆವು. ಮಾವ ನಮ್ಮನ್ನು ದೂರದಿಂದಲೇ ನೋಡಿ ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದುಕೊಂಡರು, ಒರೆಸಿಕೊಂಡರು, ಜಗಲಿಯ ಮೇಲೆ ಕೂತು ಮಡಿಲು ಸರಿಮಾಡಿಕೊಂಡು ಮಗುವನ್ನು ಇಸಿದುಕೊಂಡರು. ಬಲಗೈಯ ಮುಷ್ಟಿಯನ್ನು ಬಿಡಿಸಿದರು. ನೋಡಿದರು. ಎಡಗೈಯದನ್ನೂ ಬಿಡಿಸಿದರು. ಆಮೇಲೆ ಎರಡು ಮುಷ್ಟಿಗಳನ್ನೂ ಮೊದಲಿದ್ದ ಹಾಗೇ ಮೆಲ್ಲಗೆ ಮಡಿಸಿದರು.

“ಏಮೀ ಲೇದಮ್ಮಾ” ಅಂದರು. ಏನೂ ಇಲ್ಲವಲ್ಲಮ್ಮ ಎಂದು.

“ದೇವರ ದಯೆ, ಎಲ್ಲ ಸರಿಯಾಗಿದೆ” ಎಂದು ನನ್ನ ಗಂಡ ಮರ್ಯಾದೆಗೆ ಹೇಳಿದರು.

ಮಾವ ಅವರ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಎಲ್ಲರೂ ಸದ್ಯ ಎಂದ ಈ ಮಗುವನ್ನು ನೋಡಿ ಬೇಸರಪಟ್ಟವರು ನಾವಿಬ್ಬರೇ. ಅಂಥವರು ಇನ್ನೊಬ್ಬರಿದ್ದಾರೆ ಎಂಬುದೇ ನನ್ನನ್ನು ಅರ್ಧ ಹಿಡಿದು ನಿಲ್ಲಿಸಿತ್ತು. ಅವರ ಕಣ್ಣು ತುಂಬಿದ್ದನ್ನು ನೋಡಿದ ಮೇಲೆ ಆ ಆಸರೆಯೂ ಸಾಲಲಿಲ್ಲ, ಪಕ್ಕದಲ್ಲಿ ಹೋಗಿ ಕೂತೆ. ಅವರು ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ನನ್ನ ತಲೆಯ ಮೇಲೆ ಕೈಯಿಟ್ಟರು.

“ಇನ್ನ ಅಕ್ಕ ಬರಲ್ಲಮ್ಮ” ಅಂದರು. “ಸತ್ತೋದ್ಳು. ಇಬ್ರೂ ಸುಮ್ನೆ ಕಾಯ್ತಿದ್ವಿ.”

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ನನ್ನ ಎದುರಿಗೆ ಹಾಗೆ ಹೇಳಿರಲಿಲ್ಲ. ಅವಳ ಹೆಣ ನಾನು ನೋಡಿಲ್ಲ, ತಿಥಿಯಲ್ಲಿ ನನ್ನನ್ನು ಕೂರಿಸಿಲ್ಲ, ಅವಳಿಗಾಗಿ ಯಾರೂ ನನ್ನನ್ನು ತಬ್ಬಿಕೊಂಡು ಅತ್ತಿಲ್ಲ. ನಾನು ಮಾವನ ಭುಜಕ್ಕೆ ತಲೆಯಿಟ್ಟು ದನಿ ತೆಗೆದು ಅಳುತ್ತಿದ್ದೆ. ಅವರೂ ಅಳುತ್ತಿದ್ದರು. ನನ್ನ ಗಂಡ ಏನು ಮಾಡುವುದೆಂದು ತಿಳಿಯದೆ ಅಂಗಳದಲ್ಲಿ ನಿಂತಿದ್ದರು. ಅಮ್ಮ ಸತ್ತು ಅಷ್ಟು ವರ್ಷಗಳಾದ ಮೇಲೆ ನಾನು ಅವಳಿಗಾಗಿ ಅತ್ತದ್ದು ಅದೇ ಮೊದಲು, ನನ್ನ ಮಗಳು ತೊಡೆಯ ಮೇಲೆ ಎಚ್ಚರವಾಗಿ ನಮ್ಮಿಬ್ಬರ ಮುಖ ನೋಡುತ್ತಿದ್ದಾಗ.